ಹೊಸ ಬಡಾವಣೆಗೆ ಮಳೆನೀರು ಚರಂಡಿ ಡಿಸೈನ್ ಮಾಡುತ್ತಿದ್ದೀರಾ? ಪೈಪಿನ ಕೊನೆಯಿಂದ ಲೆಕ್ಕ ಶುರು ಮಾಡಿ

ರಾತ್ರಿ ಎರಡೂವರೆಗೆ ಫೋನ್ ಬಂತು. "ಸಾರ್, ಜಾಲರಿ ಒಳಗೆ ನೀರು ಹೋಗ್ತಿಲ್ಲ, ಅದರಿಂದಾನೇ ಹೊರಗೆ ಬರ್ತಿದೆ" ಅಂದ ಸೈಟ್ ಸೂಪರ್‌ವೈಸರ್. ನಿದ್ದೆಗಣ್ಣಿನಲ್ಲಿ ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ಹೋಗಿ ನೋಡಿದೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ಜಾಸ್ತಿ ಇರಲಿಲ್ಲ. ರಸ್ತೆಯ ತಗ್ಗಿನಲ್ಲಿದ್ದ ಕಬ್ಬಿಣದ ಜಾಲರಿಯ ಸಂದುಗಳಿಂದ ಕೆಂಪು ನೀರು ಕುದಿಯೋ ಹಾಗೆ ಉಕ್ಕುತ್ತಿತ್ತು. ಪಕ್ಕದ ಮ್ಯಾನ್‌ಹೋಲ್ ಮುಚ್ಚಳ ಒಂದು ಕಡೆ ಏಳುವುದು, ಠಣ್ ಅಂತ ಕೂರುವುದು, ಮತ್ತೆ ಏಳುವುದು. ಮೊಣಕಾಲಿನವರೆಗೆ ನೀರು.

ಆ ಚರಂಡಿ ಡಿಸೈನ್ ಮಾಡಿದ್ದು ನಾನು.

ತಗ್ಗಿನ ಮೂಲೆಯ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಟಾರ್ಚನ್ನು ಕಿಟಕಿಗೆ ಸಿಕ್ಕಿಸಿಕೊಂಡು ಕಸದ ಮೊರದಿಂದ ನೀರು ಎತ್ತಿ ಬಾಗಿಲಾಚೆ ಹಾಕುತ್ತಿದ್ದರು. ಹಾಕಿದ ನೀರು ಅಲ್ಲೇ ತಿರುಗಿ ಒಳಗೆ ಬರುತ್ತಿತ್ತು. ನನ್ನನ್ನು ನೋಡಿ, "ನೀವೇನಾ ಈ ಪೈಪ್ ಹಾಕಿಸಿದವರು?" ಅಂತ ಕೇಳಿದರು. ಹೌದು ಅಂದೆ. ಅವರು ಬೈಯಲಿಲ್ಲ. ಮತ್ತೆ ಬಗ್ಗಿ ನೀರು ಎತ್ತತೊಡಗಿದರು. ಆ ಮನೆಯ ನೆಲ ರಸ್ತೆಗಿಂತ ಬರೀ 15 ಸೆಂ.ಮೀ. ಎತ್ತರದಲ್ಲಿತ್ತು.

ಇದನ್ನು ಬರೆಯುತ್ತಿರುವುದು ಇನ್ನೊಬ್ಬರು ಇದೇ ತಪ್ಪು ಮಾಡಬಾರದು ಅಂತ. ಇದು ಎಲ್ಲೋ ಅಪರೂಪಕ್ಕೆ ಆಗುವ ತಪ್ಪಲ್ಲ. ಕೈಯಲ್ಲಿರುವ ಎಕ್ಸೆಲ್ ಹಾಳೆ ನೋಡಿದರೆ ಎಲ್ಲಾ ಸರಿ ಅಂತಲೇ ಕಾಣುತ್ತದೆ. ಭಯ ಆಗುವುದೇ ಅದಕ್ಕೆ.

ನನ್ನ ಲೆಕ್ಕ ಹೀಗಿತ್ತು. ಜಾಗ 12 ಹೆಕ್ಟೇರ್. ಮೊದಲು ಹುಲ್ಲು, ಕುರುಚಲು ಗಿಡ ಇದ್ದ ಇಳಿಜಾರು. ರ‍್ಯಾಷನಲ್ ವಿಧಾನ ಗೊತ್ತಲ್ವಾ? ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಹೋಗುವ ಪಾಲು), ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಹೆಕ್ಟೇರ್, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಅಂತ ಸಿಗುತ್ತದೆ. ಐರ್ಲೆಂಡಿನ ಮುಲ್ವಾನಿ 1851ರಲ್ಲೇ ಇದರ ಮೂಲ ವಿಚಾರ ಹೇಳಿದ್ದ. 1889ರಲ್ಲಿ ಅಮೆರಿಕದ ಕೂಯ್ಖ್ಲಿಂಗ್ ಇದನ್ನು ಊರಿನ ಚರಂಡಿಗಳ ಲೆಕ್ಕಕ್ಕೆ ತಂದ. ಇಷ್ಟು ಹಳೆಯದಾದರೂ ಸಣ್ಣ ಜಾಗಗಳಿಗೆ ಇವತ್ತಿಗೂ ನಡೆಯುತ್ತದೆ. ನನ್ನ ತಪ್ಪನ್ನು ಆ ವಿಧಾನದ ಮೇಲೆ ಹಾಕುವುದಿಲ್ಲ.

ರಸ್ತೆ, ಚಾವಣಿ, ಅಂಗಳ ಎಲ್ಲಾ ಸೇರಿ ಗುಣಾಂಕ 0.65 ಹಿಡಿದೆ. ಹತ್ತು ವರ್ಷಕ್ಕೊಮ್ಮೆ ಬರುವ ಮಳೆ ಗಂಟೆಗೆ 90 ಮಿ.ಮೀ. ಸೆಕೆಂಡಿಗೆ 1.95 ಘನ ಮೀಟರ್ ಬಂತು. ಮನೆಗಳು ಬರುವ ಮೊದಲು ಅದೇ ಜಾಗದಿಂದ ಬರುತ್ತಿದ್ದದ್ದು ಸುಮಾರು 0.6. ಗುಣಾಂಕ 0.3 ಇತ್ತು. ನೀರು ಹುಲ್ಲಿನ ಮೇಲೆ ನಿಧಾನಕ್ಕೆ ಇಳಿಯುತ್ತಿದ್ದರಿಂದ ಹೆಚ್ಚು ಹೊತ್ತಿನ ಮಳೆಯ ಸರಾಸರಿ ಹಿಡಿಯಬೇಕು, ಹಾಗಾಗಿ ಮಳೆಯ ತೀವ್ರತೆಯೂ 60ರ ಆಸುಪಾಸಿನಲ್ಲಿತ್ತು. ಅಂದರೆ ಡಾಂಬರು, ಕಾಂಕ್ರೀಟ್ ಬಂದ ಮೇಲೆ ನೀರು ಮೂರು ಪಟ್ಟಿಗಿಂತ ಜಾಸ್ತಿ ಆಯಿತು, ಅದೂ ಬೇಗ ಬರುವ ಹಾಗಾಯಿತು.

ಕೊನೆಯ ಮುಖ್ಯ ಪೈಪ್ 1200 ಮಿ.ಮೀ. ಕಾಂಕ್ರೀಟಿನದು. ಇಳಿಜಾರು 300ಕ್ಕೆ 1, ಉದ್ದ 240 ಮೀಟರ್. ಬಡಾವಣೆಯ ತಗ್ಗಿನ ಮೂಲೆಯಿಂದ ಹೊರಟು ಹಳ್ಳಕ್ಕೆ ಸೇರುತ್ತದೆ. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಹೇಳುವ ಮ್ಯಾನಿಂಗ್ ಸೂತ್ರದಲ್ಲಿ ಒಳಮೈಯ ಒರಟುತನ 0.013 ಇಟ್ಟರೆ ತುಂಬಿ ಹರಿಯುವಾಗ 2.25 ಘನ ಮೀಟರ್ ಸಾಗಿಸುತ್ತದೆ. ಬೇಕಿರುವುದು 1.95, ಇರುವುದು 2.25. ಪಾಸ್. ಪರಿಶೀಲಿಸಿದವರೂ ಅದೇ ಎರಡು ಅಂಕಿ ನೋಡಿ ಸಹಿ ಹಾಕಿದರು.

ಆ 2.25 ಯಾವಾಗ ನಿಜ? ಪೈಪಿನ ಕೊನೆ ಗಾಳಿಗೆ ತೆರೆದಿದ್ದು, ನೀರು ಸಲೀಸಾಗಿ ಹಳ್ಳಕ್ಕೆ ಬೀಳುತ್ತಿದ್ದಾಗ ಮಾತ್ರ. ನಾನು ಸರ್ವೆಗೆ ಹೋದದ್ದು ಬೇಸಿಗೆಯಲ್ಲಿ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಪೈಪಿನ ತಳಕ್ಕಿಂತ ಎಷ್ಟೋ ಕೆಳಗೆ. ಮಳೆಗಾಲದಲ್ಲಿ ಇದರ ಮಟ್ಟ ಎಲ್ಲಿಗೆ ಬರುತ್ತೆ ಅಂತ ನಾನು ಯಾರನ್ನೂ ಕೇಳಲಿಲ್ಲ. ದಡದ ಮರಗಳ ಬುಡದಲ್ಲಿ ನನ್ನ ಎದೆ ಮಟ್ಟಕ್ಕೆ ಒಣಕಸ, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದವು. ನೋಡಿದ್ದೆ. ಫೋಟೋ ಕೂಡ ತೆಗೆದಿದ್ದೆ. ಹಿಂದಿನ ವರ್ಷ ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಅವು ಹೇಳುತ್ತಿದ್ದವು. ಫೋಟೋ ಕಂಪ್ಯೂಟರಿನಲ್ಲಿ ಉಳಿಯಿತು, ಲೆಕ್ಕಕ್ಕೆ ಬರಲಿಲ್ಲ.

ಈಗ ಸರಿಯಾದ ಲೆಕ್ಕ ನೋಡಿ. ನೀರು ಹಳ್ಳಕ್ಕೆ ಬೀಳುವ ಹೊರಬಾಯಿಯಲ್ಲಿ ಪೈಪಿನ ತಳದ ಮಟ್ಟ 100.0 ಮೀಟರ್ ಅಂತ ಇಟ್ಟುಕೊಳ್ಳಿ. ನೆತ್ತಿ, ಅಂದರೆ ಪೈಪಿನ ಒಳಗಿನ ಮೇಲ್ತುದಿ, 101.2. ಆ ರಾತ್ರಿ ಹಳ್ಳದ ನೀರು 102.2ರಲ್ಲಿತ್ತು, ಅಂದರೆ ನೆತ್ತಿಗಿಂತ ಒಂದು ಮೀಟರ್ ಮೇಲೆ. 1.95 ಘನ ಮೀಟರ್ ನೀರನ್ನು 240 ಮೀಟರ್ ಉದ್ದಕ್ಕೆ ತಳ್ಳಲು ಪೈಪಿನ ಉಜ್ಜುವಿಕೆಗೇ 0.6 ಮೀಟರ್ ಹೋಗುತ್ತದೆ. ಹೊರಬೀಳುವಾಗ ಇನ್ನೊಂದು 0.15. ಮ್ಯಾನ್‌ಹೋಲ್, ತಿರುವುಗಳಿಗೆ 0.1. ಎಲ್ಲಾ ಕೂಡಿದರೆ ಮೇಲಿನ ತುದಿಯಲ್ಲಿ ನೀರು 103.05ರವರೆಗೆ ಏಳಬೇಕು. ಅಲ್ಲಿ ರಸ್ತೆಯ ಮಟ್ಟ 102.8. ಮೇಲಿನ ಬೀದಿಗಳಿಂದ ಪೈಪಲ್ಲಿ ಇಳಿದು ಬಂದ ನೀರು ಮುಂದಕ್ಕೆ ಹೋಗಲಾರದೆ, ಮೊದಲು ಸಿಕ್ಕ ಬಾಯಲ್ಲಿ ಮೇಲೆದ್ದಿತು. ಹೀಗೆ ಪೈಪಿನುದ್ದಕ್ಕೂ ನೀರು ಏಳುವ ಮಟ್ಟಗಳನ್ನು ಜೋಡಿಸುವ ಗೆರೆಯನ್ನು ಹೈಡ್ರಾಲಿಕ್ ಗ್ರೇಡ್ ಲೈನ್ ಅಂತೀವಿ. ಓದುವಾಗ ನಾನೂ ಬರೆದು ಪಾಸಾಗಿದ್ದೆ. ಹತ್ತು ನಿಮಿಷದ ಲೆಕ್ಕ ಅದು. ಹಳ್ಳದ ನೀರಿನ ಮಟ್ಟದಿಂದ ಶುರು ಮಾಡಿ ಒಂದೊಂದೇ ಮ್ಯಾನ್‌ಹೋಲ್ ಹತ್ತುತ್ತಾ ಹೋಗಬೇಕು. ನಾನು ಮೇಲಿನಿಂದ ಕೆಳಕ್ಕೆ ಇಳಿದು, ಹಳ್ಳ ಬಂದ ಕೂಡಲೇ ಪೆನ್ನು ಕೆಳಗಿಟ್ಟೆ.

ಆಮೇಲೆ ಕೆಲವರು "ಬಾಯಿಗೆ ಒಂದು ಫ್ಲಾಪ್ ಕವಾಟ ಹಾಕಿಬಿಡಿ" ಅಂದರು. ಅದು ಹಳ್ಳದ ನೀರು ಒಳಗೆ ನುಗ್ಗದ ಹಾಗೆ ತಡೆಯುತ್ತದೆ, ಸರಿ. ಆದರೆ ನಮ್ಮ ನೀರು ಹೊರಗೆ ಹೋಗಲು ಅದರಿಂದ ಏನೂ ಸಹಾಯ ಆಗಲ್ಲ. ನಮ್ಮಲ್ಲಿ ರಸ್ತೆ ಹಳ್ಳದ ಮಟ್ಟಕ್ಕಿಂತ ಮೇಲೇ ಇತ್ತು. ಮನೆಗಳಿಗೆ ನುಗ್ಗಿದ್ದು ಹಳ್ಳದ ನೀರಲ್ಲ, ಬಡಾವಣೆಯದೇ ನೀರು. ಈ ವ್ಯತ್ಯಾಸ ತಿಳಿಯದೆ ದುಡ್ಡು ಸುರಿಯಬೇಡಿ.

ಇನ್ನೂ ಒಂದು ವಿಷಯ. ಅದು ಹತ್ತು ವರ್ಷಕ್ಕೊಮ್ಮೆ ಬರುವ ಮಳೆಯೂ ಆಗಿರಲಿಲ್ಲ. ತೀವ್ರತೆ ಸಾಧಾರಣ, ಆದರೆ ಸಂಜೆಯಿಂದ ಬಿಟ್ಟಿರಲಿಲ್ಲ. ಹಳ್ಳದ ಮೇಲ್ಭಾಗದಲ್ಲೆಲ್ಲಾ ಬಿದ್ದು ಬಿದ್ದು, ಹಳ್ಳ ತುಂಬಿ ನಿಂತ ಮೇಲೆ ನಮ್ಮ ಮೇಲೆ ಒಂದು ಜೋರು ಮಳೆ ಬಂತು. ಮಳೆಯ ಅಂಕಿಯನ್ನೂ ಹಳ್ಳದ ಮಟ್ಟವನ್ನೂ ಬೇರೆಬೇರೆಯಾಗಿ ನೋಡಿದರೆ ಈ ಜೋಡಿ ಕಾಣುವುದೇ ಇಲ್ಲ. ಹಾಗೆಯೇ "ಹತ್ತು ವರ್ಷಕ್ಕೊಮ್ಮೆ" ಅಂದರೆ ಇನ್ನು ಹತ್ತು ವರ್ಷ ನಿಶ್ಚಿಂತೆ ಅಂತ ಮನೆ ಕೊಳ್ಳುವವರು ತಿಳಿಯುತ್ತಾರೆ. ಅದು ಪ್ರತಿ ವರ್ಷವೂ ಹತ್ತರಲ್ಲಿ ಒಂದು ಸಾಧ್ಯತೆ. ಹತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ 65%. ಹಾಗಾಗಿ ಪೈಪ್ ತುಂಬಿದ ದಿನ ನೀರು ಎಲ್ಲಿ ಹೋಗುತ್ತೆ ಅನ್ನುವುದಕ್ಕೆ ಡಿಸೈನಿನಲ್ಲೇ ಉತ್ತರ ಇರಬೇಕು.

ನಮ್ಮಲ್ಲಿ ಆ ಉತ್ತರಕ್ಕೆ ಅಡ್ಡ ನಿಂತದ್ದು ಕಾಂಪೌಂಡ್ ಗೋಡೆ.

ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತಗ್ಗಿನ ಮೂಲೆಯಿಂದ ಹಳ್ಳದವರೆಗೆ ನೆಲ ತಾನಾಗಿಯೇ ಇಳಿಜಾರು. ಪೈಪ್ ಕೈಕೊಟ್ಟರೂ ನೀರು ನೆಲದ ಮೇಲೆ ಹರಿದು ಹೋಗಬಹುದಿತ್ತು. ಆದರೆ ಆ ಮೂಲೆಯಲ್ಲಿ ಎರಡು ಮೀಟರ್ ಎತ್ತರದ ಗೋಡೆ ಉದ್ದಕ್ಕೂ ಕಟ್ಟಿದ್ದರು. ಒಂದು ಕಿಂಡಿಯೂ ಇಲ್ಲ. ಗೋಡೆ ಆರ್ಕಿಟೆಕ್ಟ್ ನಕ್ಷೆಯಲ್ಲಿತ್ತು, ಚರಂಡಿ ನನ್ನ ನಕ್ಷೆಯಲ್ಲಿತ್ತು. ಎರಡನ್ನೂ ಒಂದರ ಮೇಲೊಂದು ಇಟ್ಟು ಯಾರೂ ನೋಡಲಿಲ್ಲ. ನೋಡಬೇಕಿದ್ದವನು ನಾನೇ. ಆ ರಾತ್ರಿ ಗೋಡೆಯ ಈಚೆ ಮೊಣಕಾಲುದ್ದ ನೀರು, ಆಚೆ ಕಡೆ ಮಳೆಗೆ ನೆನೆದ ಬರೀ ಹುಲ್ಲು. ಕೊನೆಗೆ ಸೂಪರ್‌ವೈಸರ್ ಮತ್ತು ಇಬ್ಬರು ಹುಡುಗರು ಸುತ್ತಿಗೆ ತಂದು ಗೋಡೆಯ ಬುಡದಲ್ಲಿ ತೂತು ಹೊಡೆದರು. ನೀರು ಸಿಮೆಂಟ್ ಇಟ್ಟಿಗೆಗಳನ್ನು ಎಳೆದುಕೊಂಡು ಆಚೆ ನುಗ್ಗಿತು. ಮುಕ್ಕಾಲು ಗಂಟೆಯಲ್ಲಿ ರಸ್ತೆಯ ಡಾಂಬರು ಕಾಣಿಸಿತು.

ಬೆಳಗಾದ ಮೇಲೆ ಇನ್ನೊಂದು ತಪ್ಪು ಸಿಕ್ಕಿತು. ಮೇಲಿನ ಗಡಿಯ ಹತ್ತಿರ ಒಂದು ಬೀದಿಯಲ್ಲಿ ಅರ್ಧ ಅಡಿ ಕೆಸರು. ನಮ್ಮ ಜಾಗದ ಮೇಲೆ ಇನ್ನೂ 5 ಹೆಕ್ಟೇರ್ ಇಳಿಜಾರು ಇತ್ತು. ಅದರ ನೀರು ಮೊದಲಿನಿಂದಲೂ ಒಂದು ಸಣ್ಣ ಕೊರಕಲಿನಲ್ಲಿ ನಮ್ಮ ಜಾಗದ ಮಧ್ಯೆಯೇ ಇಳಿದು ಹೋಗುತ್ತಿತ್ತು. ನಾವು ಸಮ ಮಾಡುವಾಗ ಆ ಕೊರಕಲನ್ನು ಮುಚ್ಚಿ ಎರಡು ಸೈಟ್ ಮಾಡಿದ್ದೆವು. ಸರ್ವೆ ನಕ್ಷೆಯ ಗೆರೆಗಳು ನಮ್ಮ ಗಡಿಗೆ ಬಂದು ನಿಂತಿದ್ದವು, ಆಚೆ ಬಿಳಿ ಕಾಗದ. ನಾನು ಆ ಬಿಳಿ ಜಾಗದಿಂದ ನೀರು ಬರುವುದಿಲ್ಲ ಅಂತ ತಿಳಿದೆ. ಅದೇ 90 ಮಿ.ಮೀ., ಹುಲ್ಲಿನ ಇಳಿಜಾರಿನ ಗುಣಾಂಕ 0.3 ಹಿಡಿದರೆ ಅಲ್ಲಿಂದ ಇನ್ನೂ 0.375 ಘನ ಮೀಟರ್ ಬರುತ್ತದೆ. ಒಟ್ಟು 2.3ರ ಮೇಲೆ. ಹಳ್ಳ ಖಾಲಿ ಇದ್ದಿದ್ದರೂ 2.25ರ ಪೈಪಿಗೆ ಅದು ಜಾಸ್ತಿಯೇ.

ಇಂಗುಗುಂಡಿಗಳ ಬಗ್ಗೆಯೂ ಒಂದು ಮಾತು. ಆರು ಮಾಡಿದ್ದೆವು. ಮನೆ ಕಟ್ಟುವ ಕೆಲಸ ನಡೆಯುತ್ತಿರುವಾಗಲೇ ಚರಂಡಿಯನ್ನು ಅವಕ್ಕೆ ಜೋಡಿಸಿದ್ದರಿಂದ ಮರಳು, ಸಿಮೆಂಟ್ ತೊಳೆದ ನೀರು ಹೋಗಿ ಆರೂ ಕಟ್ಟಿಕೊಂಡಿದ್ದವು. ಕಟ್ಟಡದ ಕೆಲಸ ಮುಗಿದು, ಬರಿ ಮಣ್ಣಿನ ಮೇಲೆ ಹುಲ್ಲು ಹಿಡಿಯುವವರೆಗೆ ಜೋಡಿಸಬೇಡಿ.

ಸರಿಪಡಿಸಿದ್ದು ಹೇಗೆ ಅಂತ ಹೇಳುತ್ತೇನೆ. ಡಿಸೈನ್ ಹಂತದಲ್ಲಿ ಇದೆಲ್ಲಾ ಎಷ್ಟು ಸುಲಭ ಇರುತ್ತಿತ್ತು ಅಂತ ನಿಮಗೇ ತಿಳಿಯುತ್ತದೆ. ಮೇಲಿನ ಗಡಿಯುದ್ದಕ್ಕೆ ಒಂದು ತೆರೆದ ಕಾಲುವೆ ತೋಡಿ, ಹೊರಗಿನ 5 ಹೆಕ್ಟೇರಿನ ನೀರನ್ನು ಬಡಾವಣೆಯ ಪಕ್ಕದಿಂದ ಅದೇ ಹಳ್ಳಕ್ಕೆ ತಿರುಗಿಸಿದೆವು. ಪಾರ್ಕನ್ನು ಅಗೆದು ತಗ್ಗು ಮಾಡಿ ಮಳೆ ನೀರು ಸ್ವಲ್ಪ ಹೊತ್ತು ನಿಲ್ಲುವ ಕೆರೆಯಂಥ ಗುಂಡಿ ಮಾಡಿದೆವು. ಎಷ್ಟು ದೊಡ್ಡದು ಬೇಕು ಅಂತ ಅಂದಾಜು ಮಾಡಲು ನೆನಪಿಡಿ, ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ 10 ಘನ ಮೀಟರ್. ಮುಖ್ಯ ಪೈಪಿಗೆ ಹೋಗುವ ನೀರನ್ನು ಒಟ್ಟು 1.2ಕ್ಕೆ ಇಳಿಸಿದೆವು. ಉಜ್ಜುವಿಕೆ, ತಿರುವು, ಹೊರಬಾಯಿ ಇವುಗಳ ನಷ್ಟವೆಲ್ಲಾ ಹರಿವಿನ ವರ್ಗಕ್ಕೆ (ಹರಿವನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಇಳಿಯುತ್ತದೆ. ಹಾಗಾಗಿ 0.85 ಮೀಟರ್ ಇದ್ದ ಒಟ್ಟು ನಷ್ಟ 0.32 ಮೀಟರ್‌ಗೆ ಬಂತು. ಹಳ್ಳ 102.2ರಲ್ಲಿದ್ದರೂ ಈಗ ತಗ್ಗಿನ ಮೂಲೆಯಲ್ಲಿ ನೀರು ಏಳುವುದು 102.52ಕ್ಕೆ. ರಸ್ತೆಗಿಂತ 28 ಸೆಂ.ಮೀ. ಕೆಳಗೆ. ಪೈಪ್ ಬದಲಿಸಲಿಲ್ಲ, ಇಳಿಜಾರು ಬದಲಿಸಲಿಲ್ಲ.

ಗುಂಡಿ ತುಂಬಿದರೆ ನೀರು ಹೊರಚೆಲ್ಲಲು ಒಂದು ಕಲ್ಲುಹಾಸಿನ ದಾರಿ ಮಾಡಿದೆವು. ಇದನ್ನು ಮಾಡಲು ಎಂದಿಗೂ ಮರೆಯಬೇಡಿ. ನೀರು ತನಗೆ ಬೇಕಾದ ಕಡೆ ದಂಡೆ ಒಡೆಯುವುದಕ್ಕಿಂತ ನಾವು ಹೇಳಿದ ಕಡೆ ಚೆಲ್ಲುವುದು ವಾಸಿ.

ಗೋಡೆಯಲ್ಲಿ ಆರು ಮೀಟರ್ ಅಗಲದ ಗಂಡಿ ಬಿಟ್ಟು, ಕಂಬಿಗಳ ನಡುವೆ ಕಸ ಸಿಕ್ಕಿಕೊಳ್ಳದಷ್ಟು ಅಂತರ ಇಟ್ಟೆವು. ಅದರ ಆಚೆ ಹಳ್ಳದವರೆಗೆ ಹುಲ್ಲು ಹಾಸಿದ ಅಗಲವಾದ ತಗ್ಗು. ಆ ಜಾಗದ ಮೇಲೆ ಏನೂ ಕಟ್ಟಬಾರದು ಅಂತ ನಕ್ಷೆಯಲ್ಲೂ ಸೈಟ್ ಪತ್ರಗಳಲ್ಲೂ ಬರೆಸಿದೆವು.

ನೀವು ಡಿಸೈನ್ ಮಾಡುವವರಲ್ಲದೆ ಸೈಟ್ ಕೊಳ್ಳುವವರಾಗಿದ್ದರೆ, ಜೋರು ಮಳೆ ಬಂದ ದಿನವೇ ಹೋಗಿ ನೋಡಿ. ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು, ಅಲ್ಲಿಂದ ನೀರು ನೆಲದ ಮೇಲೆ ಹೊರಗೆ ಹೋಗಲು ದಾರಿ ಇದೆಯಾ ಅಂತ ಕೇಳಿ. "ಪೈಪ್ ಇದೆ ಬಿಡಿ" ಅಂತ ಉತ್ತರ ಬಂದರೆ, "ಪೈಪ್ ತುಂಬಿದ ಮೇಲೆ?" ಅಂತ ಮತ್ತೆ ಕೇಳಿ. ಮನೆಯ ನೆಲ ರಸ್ತೆಗಿಂತ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆಯಿರಿ.

ಹೋದ ತಿಂಗಳು ನಾನು ಆ ಬಡಾವಣೆಗೆ ಹೋಗಿದ್ದೆ. ಗೋಡೆಯ ಗಂಡಿಗೆ ಯಾರೋ ತಗಡಿನ ಶೀಟ್ ಹೊಡೆದಿದ್ದರು. ನಾಯಿ ಒಳಗೆ ಬರುತ್ತೆ ಅಂತ. ಬಿಚ್ಚಿಸುವಾಗ ಆ ಮೂಲೆ ಮನೆಯ ಹೆಂಗಸು ಹೊರಗೆ ಬಂದರು. ನಾನು ಹೇಳುವ ಮೊದಲೇ ಶೀಟಿನ ಇನ್ನೊಂದು ತುದಿ ಹಿಡಿದುಕೊಂಡರು. ಇಬ್ಬರೂ ಅದನ್ನು ತೆಗೆದುಕೊಂಡು ಹೋಗಿ ಅವರ ಮನೆಯ ಹಿಂದೆ ಒರಗಿಸಿದೆವು.