ಬಯಾಪ್ಸಿ ಸ್ಲೈಡ್ ಇನ್ನೊಮ್ಮೆ ಓದಿಸಬೇಕಾ? ಬಸವನಗುಡಿಯ ಈ ಲ್ಯಾಬ್‌ಗೆ ನನ್ನ 4 ಸ್ಟಾರ್

5ಕ್ಕೆ 4 ಕೊಡುತ್ತಿದ್ದೇನೆ. ಒಂದು ಸ್ಟಾರ್ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲೇ ತಿಳಿದಿರಲಿ, ಇದು ಶುಗರ್, ಥೈರಾಯ್ಡ್ ನೋಡುವ ಲ್ಯಾಬ್ ಅಲ್ಲ. ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತಗೊಂಡು ಹೋಗುವ ಜಾಗ ಅಲ್ಲ. ಇಲ್ಲಿ ಬರುವುದು ಬಯಾಪ್ಸಿ ತುಣುಕು, ಆಪರೇಷನ್‌ನಲ್ಲಿ ತೆಗೆದ ಗಡ್ಡೆ, ಇಲ್ಲವೇ ಬೇರೆ ಕಡೆ ಮಾಡಿಸಿದ ಸ್ಲೈಡ್. ಅದರಲ್ಲಿ ಕ್ಯಾನ್ಸರ್ ಇದೆಯಾ, ಇದ್ದರೆ ಯಾವ ಜಾತಿಯದು, ಅದಕ್ಕೆ ಯಾವ ಔಷಧಿ ಹಿಡಿಯಬಹುದು ಅಂತ ನೋಡಿ ಹೇಳುವುದೇ ಇವರ ಕೆಲಸ.

ನಾವು ಹೋಗಿದ್ದು ನಮ್ಮ ಚಿಕ್ಕಮ್ಮನ ಸ್ಲೈಡ್ ಇನ್ನೊಮ್ಮೆ ಓದಿಸುವುದಕ್ಕೆ. ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಎದೆಯ ಗಂಟಿಗೆ ಬಯಾಪ್ಸಿ ಆಗಿತ್ತು. ಅಲ್ಲಿ ಕೊಟ್ಟ ರಿಪೋರ್ಟ್‌ನಲ್ಲಿ ಇದ್ದದ್ದು ಎರಡು ಸಾಲು. ಇನ್‌ವೇಸಿವ್ ಡಕ್ಟಲ್ ಕಾರ್ಸಿನೋಮ, ಅಂದರೆ ಹಾಲಿನ ನಾಳದಿಂದ ಪಕ್ಕಕ್ಕೆ ನುಗ್ಗಿದ ಕ್ಯಾನ್ಸರ್, ಅಷ್ಟೇ. ಗ್ರೇಡ್ ಇಲ್ಲ, ಯಾವ ಔಷಧಿ ಹಿಡಿಯಬಹುದು ಅಂತ ತಿಳಿಸುವ ರಿಸೆಪ್ಟರ್ ಬಗ್ಗೆ ಮಾತೇ ಇಲ್ಲ. ಕ್ಯಾನ್ಸರ್ ಸರ್ಜನ್ ಅದನ್ನು ನೋಡಿ, "ಇಷ್ಟರಲ್ಲಿ ನಾನು ಟ್ರೀಟ್‌ಮೆಂಟ್ ಶುರು ಮಾಡಕ್ಕಾಗಲ್ಲಮ್ಮ, ಬ್ಲಾಕು ಸ್ಲೈಡು ತಗೊಂಡು ಹೋಗಿ ರಿವ್ಯೂ ಮಾಡಿಸಿ, ಐಎಚ್‌ಸಿನೂ ಮಾಡಿಸಿ" ಅಂದರು. ಐಎಚ್‌ಸಿ ಅಂದರೆ ಕೋಶದಲ್ಲಿರುವ ಪ್ರೋಟೀನ್‌ಗೆ ಬಣ್ಣ ಹಿಡಿಸಿ ನೋಡುವ ಪರೀಕ್ಷೆ. ನರ್ಸಿಂಗ್ ಹೋಮ್‌ನವರು ಬ್ಲಾಕ್ ಕೊಡುವುದಿಲ್ಲ, ಅದು ನಮ್ಮ ರೆಕಾರ್ಡ್ ಅಂತ ಸಾಕಷ್ಟು ಸತಾಯಿಸಿದರು. ಸರ್ಜನ್ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡು ಹೋದ ಮೇಲೆ ಕೊಟ್ಟರು. ನಿಮಗೂ ಹಾಗೆ ಅಂದರೆ ಬಿಡಬೇಡಿ. ಅದು ನಿಮ್ಮ ದೇಹದ ತುಣುಕು, ಮುಂದಿನ ಚಿಕಿತ್ಸೆ ಅದರ ಮೇಲೆ ನಿಂತಿದೆ.

ಬ್ಲಾಕ್ ಅಂದರೆ ಏನು ಅಂತ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಬಿಳಿ ಮೇಣದ ತುಂಡು, ಮೇಣದೊಳಗೆ ಬೂದು ಬಣ್ಣದ ಸಣ್ಣ ಗೆರೆಗಳು. ಆ ಗೆರೆಗಳೇ ಸೂಜಿಯಲ್ಲಿ ತೆಗೆದ ಅಂಗಾಂಶ. ಡಬ್ಬಿಯ ಅಂಚಿನಲ್ಲಿ ಒಂದು ನಂಬರ್. ಈ ಲ್ಯಾಬ್‌ನಲ್ಲಿ ನನಗೆ ಮೊದಲು ಹಿಡಿಸಿದ್ದೇ ಈ ನಂಬರ್ ವಿಷಯ. ರಿಸೆಪ್ಷನ್‌ನಲ್ಲಿದ್ದ ಹೆಣ್ಣುಮಗಳು ಬ್ಲಾಕ್ ನಂಬರ್, ಸ್ಲೈಡ್ ನಂಬರ್, ಹಳೆ ರಿಪೋರ್ಟ್ ನಂಬರ್ ಮೂರನ್ನೂ ನಮ್ಮೆದುರೇ ಜೋರಾಗಿ ಓದಿ, ತಾಳೆ ನೋಡಿ, ನಮ್ಮ ಸಹಿ ಹಾಕಿಸಿಕೊಂಡರು. ಒಬ್ಬರ ಸ್ಲೈಡ್ ಇನ್ನೊಬ್ಬರ ಹೆಸರಿಗೆ ಹೋದರೆ ಏನಾಗಬಹುದು, ಯೋಚನೆ ಮಾಡಿ. ಎಂಥ ದೊಡ್ಡ ಡಾಕ್ಟರ್ ಓದಿದರೂ ಪ್ರಯೋಜನವಿಲ್ಲ.

ನಮ್ಮ ಹಳೆ ಸ್ಲೈಡ್ ಚೆನ್ನಾಗಿರಲಿಲ್ಲವಂತೆ. ದಪ್ಪ ಕಟ್ ಆಗಿತ್ತು, ಒಂದು ಕಡೆ ಮಡಚಿಕೊಂಡಿತ್ತು. ಹಾಗಾಗಿ ಬ್ಲಾಕ್‌ನಿಂದ ಹೊಸದಾಗಿ ಕತ್ತರಿಸಿದರು. ಕಾಯುವ ಕೋಣೆಯಿಂದ ಡಾಕ್ಟರ್ ರೂಮಿಗೆ ಹೋಗುವ ದಾರಿಯಲ್ಲಿ ಒಂದು ಗಾಜಿನ ಗೋಡೆ ಇದೆ, ಆಚೆ ಮೈಕ್ರೋಟೋಮ್ ಮೆಷಿನ್ ಕಾಣುತ್ತದೆ. ಟೆಕ್ನಿಷಿಯನ್ ಒಬ್ಬರು ಕೈಯಲ್ಲಿ ಚಕ್ರ ತಿರುಗಿಸುತ್ತಿದ್ದರು. ಪ್ರತಿ ಸುತ್ತಿಗೂ ಬ್ಲೇಡ್ ತುದಿಯಿಂದ ಮೇಣದ ಒಂದು ಪದರ ಈಚೆ ಬರುತ್ತದೆ, ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಪಟ್ಟಿ ಆಗುತ್ತದೆ. ಪದರದ ದಪ್ಪ 4 ಮೈಕ್ರಾನ್. ಒಂದು ಮಿಲಿಮೀಟರ್‌ನಲ್ಲಿ ಅಂಥ 250 ಪದರ ಹಿಡಿಯುತ್ತವೆ. ಆ ಪಟ್ಟಿಯನ್ನು ಬ್ರಷ್‌ನಲ್ಲಿ ಎತ್ತಿ ಬೆಚ್ಚಗಿನ ನೀರಿನ ತಟ್ಟೆಗೆ ಬಿಟ್ಟರು. ಸುಕ್ಕೆಲ್ಲ ತಾನೇ ಬಿಡಿಸಿಕೊಂಡಿತು. ಕೆಳಗಿನಿಂದ ಗಾಜಿನ ಸ್ಲೈಡ್ ತೂರಿಸಿ ಮೇಲಕ್ಕೆತ್ತಿದರೆ ಪದರ ಅದರ ಮೇಲೆ ಕೂತಿರುತ್ತದೆ. ಅವರು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದರು. ನಿಜವಾಗಿಯೂ ಕೈಚಳಕದ ಕೆಲಸ. ರಿಪೋರ್ಟ್‌ನಲ್ಲಿ ಡಾಕ್ಟರ್ ಸಹಿ ಮಾತ್ರ ಇರುತ್ತದೆ, ಇವರ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಗೆ ಕತ್ತರಿಸಿದ ಅಂಗಾಂಶಕ್ಕೆ ಬಣ್ಣವೇ ಇರುವುದಿಲ್ಲ, ಮೈಕ್ರೋಸ್ಕೋಪ್‌ನಲ್ಲಿಟ್ಟರೂ ಏನೂ ತಿಳಿಯುವುದಿಲ್ಲ. ಅದಕ್ಕೆ ಹೆಮಟಾಕ್ಸಿಲಿನ್, ಇಯೋಸಿನ್ ಅಂತ ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಬರುವುದು ಮಧ್ಯ ಅಮೆರಿಕದ ಒಂದು ಮರದ ಕಾಂಡದಿಂದ. ಅದು ಜೀವಕೋಶದ ನ್ಯೂಕ್ಲಿಯಸ್ಸನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದ ಭಾಗವನ್ನು ಗುಲಾಬಿ ಮಾಡುತ್ತದೆ. ಇಷ್ಟೆಲ್ಲ ಹೊಸ ಮೆಷಿನ್ ಬಂದ ಮೇಲೂ ಗಡ್ಡೆಯ ಅಂಗಾಂಶ ನೋಡುವ ಕೆಲಸ ಶುರುವಾಗುವುದು ಈ ನೂರು ವರ್ಷಕ್ಕೂ ಹಳೆಯ ನೀಲಿ-ಗುಲಾಬಿಯಿಂದಲೇ.

ಈಗ ಡಾಕ್ಟರ್ ವಿಷಯ. ಸ್ಲೈಡ್ ನೋಡಿ ರೋಗ ಹೇಳುವ ಪೆಥಾಲಜಿಸ್ಟ್ ಅಂದರೆ ರೋಗಿಯ ಕಣ್ಣಿಗೆ ಬೀಳದ ಡಾಕ್ಟರ್ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಇಲ್ಲಿಯ ಮೇಡಂ ಅಪಾಯಿಂಟ್‌ಮೆಂಟ್ ಕೊಟ್ಟು ಕೂರಿಸಿಕೊಂಡು ಮಾತಾಡುತ್ತಾರೆ. ಅವರ ರೂಮಿನ ಗೋಡೆಯಲ್ಲಿ ರುಡಾಲ್ಫ್ ವಿರ್ಚೋ ಚಿತ್ರ ಇದೆ. ರೋಗವನ್ನು ಜೀವಕೋಶದಲ್ಲೇ ಹುಡುಕಬೇಕು ಅಂತ 1858ರಲ್ಲಿ ಬರ್ಲಿನ್‌ನಲ್ಲಿ ಪಾಠ ಮಾಡಿದವರು. ಮೇಜಿನ ಮೇಲೆ ಇಬ್ಬರು ಎದುರುಬದುರು ಕೂತು ನೋಡುವಂಥ ಮೈಕ್ರೋಸ್ಕೋಪ್. "ಅಮ್ಮಾ, ನೀವೇ ನೋಡ್ತೀರಾ?" ಅಂತ ಕೇಳಿದರು. ಚಿಕ್ಕಮ್ಮ, "ನೋಡ್ತೀನಿ ಡಾಕ್ಟ್ರೇ, ನಂದೇ ಅಲ್ವಾ" ಅಂದು ಕನ್ನಡಕ ತೆಗೆದು ಬಗ್ಗಿಯೇ ಬಿಟ್ಟರು.

ಮೇಡಂ ಮೊದಲು ತೋರಿಸಿದ್ದು ಸ್ಲೈಡ್‌ನ ಮೂಲೆಯಲ್ಲಿ ಉಳಿದಿದ್ದ ಒಳ್ಳೆಯ ಭಾಗ. ಹಾಲಿನ ನಾಳದ ನಡುವೆ ಖಾಲಿ ಜಾಗ, ಸುತ್ತ ಕೋಶಗಳು ಮದುವೆ ಮನೆ ಪಂಕ್ತಿಯ ಹಾಗೆ ಒತ್ತಾಗಿ, ಸಾಲಾಗಿ ಕೂತಿವೆ. ಆಮೇಲೆ ಸ್ಲೈಡನ್ನು ಒಂಚೂರು ಸರಿಸಿದರು. ಅಲ್ಲಿ ಸಾಲೇ ಇಲ್ಲ. ನಾಲ್ಕೈದು ಕೋಶ ಒಟ್ಟಾಗಿ ಕೊಬ್ಬಿನ ಒಳಗೆ ನುಗ್ಗಿವೆ, ನ್ಯೂಕ್ಲಿಯಸ್ ಒಂದು ದೊಡ್ಡದು, ಪಕ್ಕದ್ದು ಚಿಕ್ಕದು, ಕೆಲವು ಗಾಢ ನೀಲಿ. ಹೀಗೆ ತನ್ನ ಜಾಗ ಬಿಟ್ಟು ಪಕ್ಕಕ್ಕೆ ನುಗ್ಗಿರುವುದಕ್ಕೇ ಇನ್‌ವೇಸಿವ್ ಅನ್ನುವುದು ಅಂದರು.

ಗ್ರೇಡ್ ಹೇಗೆ ಹಾಕುತ್ತಾರೆ ಅಂತಲೂ ಅಲ್ಲೇ ಹೇಳಿದರು. ಕೋಶಗಳು ಇನ್ನೂ ನಾಳದ ಆಕಾರ ಕಟ್ಟುತ್ತಿವೆಯಾ, ನ್ಯೂಕ್ಲಿಯಸ್ ಎಷ್ಟು ವಿಕಾರ ಆಗಿದೆ, ಎಷ್ಟು ಕೋಶ ಆ ಹೊತ್ತಿಗೆ ಒಡೆದು ಎರಡಾಗುತ್ತಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಕೂಡಿದಾಗ 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3. ಇದಕ್ಕೆ ನಾಟಿಂಗ್‌ಹ್ಯಾಮ್ ಗ್ರೇಡಿಂಗ್ ಅನ್ನುತ್ತಾರೆ. ಚಿಕ್ಕಮ್ಮನದು 3, 2, 1, ಒಟ್ಟು 6. ಗ್ರೇಡ್ 2. ನಮ್ಮ ಮಾವ "ಅಂದ್ರೆ ಎರಡನೇ ಸ್ಟೇಜಾ ಮೇಡಂ?" ಅಂತ ಗಾಬರಿಯಿಂದ ಕೇಳಿದರು. ಇಲ್ಲ, ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಅಂದರೆ ಕೋಶ ನೋಡುವುದಕ್ಕೆ ಎಷ್ಟು ಕೆಟ್ಟಿದೆ ಅನ್ನುವುದು. ಸ್ಟೇಜ್ ಅಂದರೆ ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹರಡಿದೆ ಅನ್ನುವುದು. ಸೂಜಿ ಬಯಾಪ್ಸಿಯಲ್ಲಿ ಗಡ್ಡೆಯ ಒಂದು ಚೂರು ಮಾತ್ರ ಸಿಗುವುದರಿಂದ ಪೂರ್ತಿ ಗಡ್ಡೆ ನೋಡಿದಾಗ ಗ್ರೇಡ್ ಬದಲಾಗಬಹುದು ಅಂತಲೂ ಮೊದಲೇ ಹೇಳಿದರು. ಈ ಎರಡು ಮಾತು ಯಾರಾದರೂ ಮೊದಲೇ ಹೇಳಿದ್ದರೆ ಮನೆಯಲ್ಲಿ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಐಎಚ್‌ಸಿ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ದುಡ್ಡು ಖರ್ಚಾಗುವುದು ಇಲ್ಲೇ, ಅನುಮಾನ ಬರುವುದೂ ಇಲ್ಲೇ. ಕೋಶದಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ಇದ್ದರೆ ಮಾತ್ರ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ ಹಾಕುತ್ತಾರೆ, ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ಈಆರ್, ಪಿಆರ್ ಅಂದರೆ ಈಸ್ಟ್ರೊಜನ್, ಪ್ರೊಜೆಸ್ಟರಾನ್ ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳು, ಅವು ಇದ್ದರೆ ನ್ಯೂಕ್ಲಿಯಸ್ ಕಂದಾಗುತ್ತದೆ. ಹರ್-2 ಕೋಶ ಬೆಳೆಯುವಂತೆ ಮಾಡುವ ಇನ್ನೊಂದು ಪ್ರೋಟೀನ್, ಅದು ಜಾಸ್ತಿ ಇದ್ದರೆ ಕೋಶದ ಅಂಚು ಕಂದಾಗುತ್ತದೆ. ಈಆರ್ ನೂರರಲ್ಲಿ 1 ಕೋಶದಲ್ಲಿ ಬಂದರೂ ಪಾಸಿಟಿವ್ ಅಂತಲೇ ಲೆಕ್ಕ, 10ರವರೆಗೆ ಇದ್ದರೆ ಲೋ ಪಾಸಿಟಿವ್ ಅಂತ ಬರೆಯುತ್ತಾರೆ. ಚಿಕ್ಕಮ್ಮನ ಸ್ಲೈಡ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶವೂ ಕಂದಾಗಿತ್ತು. ಹಾಗಿದ್ದರೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಬಣ್ಣ ಸರಿಯಾಗಿ ಹಿಡಿದಿದೆಯಾ ಅಂತ ತಿಳಿಯುವುದಕ್ಕೆ, ಪಾಸಿಟಿವ್ ಅಂತ ಮೊದಲೇ ಗೊತ್ತಿರುವ ಬೇರೆ ಅಂಗಾಂಶದ ಚೂರನ್ನೂ ಅದೇ ಸ್ಲೈಡ್‌ನಲ್ಲಿ ಇಟ್ಟಿರುತ್ತಾರೆ. ಕಂಟ್ರೋಲ್ ಅನ್ನುತ್ತಾರೆ ಅದಕ್ಕೆ. ಮೇಡಂ ಅದನ್ನೂ ತೋರಿಸಿದರು.

ಹರ್-2 ಮಾತ್ರ 2+ ಬಂತು. 0 ಅಥವಾ 1+ ಬಂದರೆ ನೆಗೆಟಿವ್, 3+ ಬಂದರೆ ಪಾಸಿಟಿವ್, 2+ ಬಂದರೆ ಎರಡೂ ಅಲ್ಲ. ಆಗ ಫಿಶ್ ಟೆಸ್ಟ್ ಮಾಡಿಸಬೇಕು, ಅದು ಐಎಚ್‌ಸಿಗಿಂತ ಬಹಳ ದುಬಾರಿ. ಸುಮ್ನೆ ಬಿಲ್ ಏರಿಸುತ್ತಿದ್ದಾರೆ ಅಂತ ಮನೆಯಲ್ಲಿ ಮಾತು ಬಂತು. ಹಾಗಲ್ಲ. ಫಿಶ್‌ನಲ್ಲಿ ಕೋಶದೊಳಗಿನ ಹರ್-2 ಜೀನ್‌ಗೆ ಒಂದು ಬಣ್ಣದ ಚುಕ್ಕೆ, 17ನೇ ಕ್ರೋಮೋಸೋಮ್‌ಗೆ ಇನ್ನೊಂದು ಬಣ್ಣದ ಚುಕ್ಕೆ ಹೊಳೆಯುವ ಹಾಗೆ ಮಾಡಿ, ಕತ್ತಲೆ ಕೋಣೆಯಲ್ಲಿ ಕಡಿಮೆಯೆಂದರೂ 20 ಕೋಶದ ಚುಕ್ಕೆ ಎಣಿಸುತ್ತಾರೆ. ಜೀನ್‌ನ ಚುಕ್ಕೆ ಮಾಮೂಲಿಗಿಂತ ತೀರಾ ಜಾಸ್ತಿ ಇದ್ದರೆ ಮಾತ್ರ ಪಾಸಿಟಿವ್. ಪಾಸಿಟಿವ್ ಆದರೆ ಟ್ರಾಸ್ಟುಜುಮಾಬ್ ಇಂಜೆಕ್ಷನ್. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ, ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿದೆ. ಆದರೆ ಬೆಲೆಯೂ ಇದೆ, ಕೆಲವರ ಹೃದಯಕ್ಕೂ ತೊಂದರೆ ಮಾಡುತ್ತದೆ. ಬೇಕಾದವರಿಗೆ ತಪ್ಪಿಹೋಗಬಾರದು, ಬೇಡದವರಿಗೆ ಕೊಡಬಾರದು. ನಮ್ಮದು ನೆಗೆಟಿವ್ ಬಂತು. ಆ ಒಂದು ಟೆಸ್ಟ್‌ನಿಂದ ಚಿಕಿತ್ಸೆಯ ದಾರಿ ಸ್ಪಷ್ಟವಾಯಿತು, ಆ ದುಡ್ಡು ಖಂಡಿತ ದಂಡ ಅಲ್ಲ.

ರಿಪೋರ್ಟ್ ಲೇಟ್ ಅಂತ ಬೈಯುವವರಿಗೆ ಒಂದು ಮಾತು. ತುಣುಕು, ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ಸರಿಯಾಗಿ ನೆನೆಯಬೇಕು. ಎದೆಯ ಗಡ್ಡೆಗೆ ಕಡಿಮೆಯೆಂದರೆ 6 ಗಂಟೆ, 72 ಗಂಟೆ ದಾಟಬಾರದು. ಆಮೇಲೆ ಆಲ್ಕೋಹಾಲ್‌ನಲ್ಲಿ ನೀರು ತೆಗೆದು, ಮೇಣ ಹೊಕ್ಕಿಸಬೇಕು. ಅದಕ್ಕೇ ಒಂದು ರಾತ್ರಿ ಹಿಡಿಯುತ್ತದೆ. ಐಎಚ್‌ಸಿಗೆ ಮತ್ತೆ ಸಮಯ ಬೇಕು. ಅವಸರ ಮಾಡಿದರೆ ಈಆರ್ ಇದ್ದರೂ ಇಲ್ಲ ಅಂತ ಬರಬಹುದು. ಆಗ ಮಾತ್ರೆಯೇ ಸಿಗದೆ ಹೋಗುತ್ತದೆ. ಈ ಲ್ಯಾಬ್‌ನ ಫಾರಂನಲ್ಲಿ ಗಡ್ಡೆ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಕೇಳುತ್ತಾರೆ, ಇವೆರಡರ ನಡುವೆ 1 ಗಂಟೆ ದಾಟಬಾರದು. ನಮ್ಮ ಬಯಾಪ್ಸಿಯ ಸಮಯ ನರ್ಸಿಂಗ್ ಹೋಮ್‌ನವರು ಬರೆದೇ ಇರಲಿಲ್ಲ. ಇವರು ಊಹೆ ಮಾಡಿ ತುಂಬಲಿಲ್ಲ, ಸಮಯ ತಿಳಿದಿಲ್ಲ ಅಂತಲೇ ರಿಪೋರ್ಟ್‌ನಲ್ಲಿ ಹಾಕಿದರು. ಇಂಥ ಪ್ರಾಮಾಣಿಕತೆಗೇ ನನಗೆ ಇವರ ಮೇಲೆ ನಂಬಿಕೆ ಬಂದಿದ್ದು.

ಆಪರೇಷನ್ ಆದ ಮೇಲೆ ಗಡ್ಡೆಯನ್ನೂ ಇಲ್ಲಿಗೇ ಕಳಿಸಿದೆವು. ಅಂಚಿಗೆಲ್ಲ ಶಾಯಿ ಬಳಿದು ಆಮೇಲೆ ಕತ್ತರಿಸುತ್ತಾರೆ. ಮೈಕ್ರೋಸ್ಕೋಪ್‌ನಲ್ಲಿ ಶಾಯಿ ಮೇಲೆ ಕ್ಯಾನ್ಸರ್ ಕೋಶ ಕಂಡರೆ ಗಡ್ಡೆ ಒಳಗೆ ಉಳಿದಿರಬಹುದು ಅಂತ ಅರ್ಥ. ನಮ್ಮ ರಿಪೋರ್ಟ್‌ನಲ್ಲಿ ಪ್ರತಿ ಅಂಚಿನ ದೂರ ಮಿಲಿಮೀಟರ್‌ನಲ್ಲಿ ಇತ್ತು, ಕಂಕುಳಿನ ಗ್ರಂಥಿ ಎಷ್ಟು ಸಿಕ್ಕಿದವು, ಯಾವುದರಲ್ಲೂ ಕ್ಯಾನ್ಸರ್ ಇಲ್ಲ ಅಂತಲೂ ಇತ್ತು. ಸರ್ಜನ್ ಒಂದೂ ಪ್ರಶ್ನೆ ಕೇಳದೆ ಮುಂದಿನ ಮಾತಿಗೆ ಹೋದರು.

ಈಗ ಆ ಹೋದ ಸ್ಟಾರ್ ಬಗ್ಗೆ. ರಿಪೋರ್ಟ್ ರೆಡಿಯಾದ ಕೂಡಲೇ ವಾಟ್ಸಾಪ್‌ಗೆ ಪಿಡಿಎಫ್ ಬಂದು ಬೀಳುತ್ತದೆ. ನಮಗೆ ಬಂದಿದ್ದು ರಾತ್ರಿ ಊಟದ ಹೊತ್ತಿಗೆ, ಚಿಕ್ಕಮ್ಮನ ಫೋನಿಗೇ. ಪೂರ್ತಿ ಇಂಗ್ಲಿಷ್. ಹರ್-2 2+ ಅನ್ನುವ ಸಾಲು ನೋಡಿ ಅವರು ಅತ್ತುಬಿಟ್ಟರು, ಕೇಳುವುದಕ್ಕೆ ಆ ಹೊತ್ತಿನಲ್ಲಿ ಯಾರೂ ಇಲ್ಲ, ಲ್ಯಾಬ್ ಫೋನ್ ಎತ್ತುವುದಿಲ್ಲ. ದಯವಿಟ್ಟು ಇದನ್ನು ಬದಲಾಯಿಸಿ. ಕ್ಯಾನ್ಸರ್ ರಿಪೋರ್ಟನ್ನು ಬೆಳಿಗ್ಗೆ ಕಳಿಸಿ, ಮೊದಲು ಒಂದು ಕಾಲ್ ಮಾಡಿ, ಕನ್ನಡದಲ್ಲಿ ನಾಲ್ಕು ಸಾಲು ಸೇರಿಸಿ. ಮೇಡಂ ಎದುರು ಕೂತಾಗ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳುತ್ತಾರೆ, ಕಾಗದದ ಮೇಲೆ ಯಾಕೆ ಆಗಬಾರದು? ಬಿಲ್ಲಿಂಗ್ ಕೌಂಟರ್‌ನಲ್ಲಿ ಫಿಶ್ ಹೊರಗಡೆ ಲ್ಯಾಬ್‌ಗೆ ಹೋಗುತ್ತದೆ, ಅದಕ್ಕೆ ಬೇರೆ ಬಿಲ್ ಅಂತ ಮೊದಲೇ ಹೇಳುವುದಿಲ್ಲ. ಅದೂ ಸರಿಯಿಲ್ಲ.

ದುಡ್ಡು ಕಷ್ಟ ಇದ್ದವರು ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. 1973ರಿಂದ ಇರುವ ಸಂಸ್ಥೆ, ಕ್ಯಾನ್ಸರ್ ಅಂಗಾಂಶ ನೋಡುವುದೇ ಅಲ್ಲಿಯವರ ದಿನನಿತ್ಯದ ಕೆಲಸ. ಜನ ಜಾಸ್ತಿ, ಕಾಯಬೇಕು. ಅಲ್ಲಿಗೆ ಹೋಗುವಾಗಲೂ ಬ್ಲಾಕ್, ಸ್ಲೈಡ್ ಜೊತೆಗಿರಲಿ. ಯಾವ ಖಾಸಗಿ ಲ್ಯಾಬ್‌ಗೆ ಹೋದರೂ ಎನ್‌ಎಬಿಎಲ್ ಮಾನ್ಯತೆ (ಲ್ಯಾಬ್‌ಗಳ ಗುಣಮಟ್ಟ ನೋಡಿ ಕೊಡುವುದು) ಹಿಸ್ಟೊಪೆಥಾಲಜಿಗೂ, ಅಂದರೆ ಅಂಗಾಂಶ ಪರೀಕ್ಷೆಗೂ ಇದೆಯಾ ಅಂತ ಕೇಳಿ. ರಕ್ತ ಪರೀಕ್ಷೆಗೆ ಮಾತ್ರ ಇದ್ದರೆ ನಮಗೆ ಉಪಯೋಗ ಇಲ್ಲ.

ಲ್ಯಾಬ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಗಾಂಧಿ ಬಜಾರ್ ಕಡೆಯಿಂದ ಬಂದರೆ ಕಾರ್ ನಿಲ್ಲಿಸುವುದಕ್ಕೆ ಜಾಗ ಸಿಗುವುದು ಕಷ್ಟ, ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ಆಟೋ ಹಿಡಿಯಿರಿ. ಬ್ಲಾಕ್ ವಾಪಸ್ ತಗೊಳ್ಳುವುದಕ್ಕೆ ರೋಗಿಯೇ ಬರಬೇಕಾಗಿಲ್ಲ. ಅವರ ಸಹಿ ಇರುವ ಒಂದು ಪತ್ರ, ಗುರುತಿನ ಚೀಟಿಯ ಜೆರಾಕ್ಸ್ ಸಾಕು. ತಂದ ಮೇಲೆ ಬ್ಲಾಕನ್ನು ಬಿಸಿಲು ಬೀಳುವ ಕಡೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.