ಫ್ಯೂಯಲ್ ಮಾನಿಟರಿಂಗ್ ಸಾಫ್ಟ್‌ವೇರ್, ಮೂರು ವರ್ಷ ಬಳಸಿದ ಮೇಲೆ

ವಿಮಾನಗಳು ಎಷ್ಟು ಫ್ಯೂಯಲ್ ಕುಡೀತವೆ ಅಂತ ನೋಡುವ ಸಾಫ್ಟ್‌ವೇರ್ ಇದು, ಹೆಸರು ಹಾಕುದಿಲ್ಲ, ಕಂಪನಿಯದ್ದು ಕಾಂಟ್ರಾಕ್ಟ್ ಉಂಟು. ನಾನು ಕೂತು ಕೆಲಸ ಮಾಡುದು ಸುರತ್ಕಲ್‌ನ ಮನೆಯಲ್ಲಿ, ವಿಮಾನಗಳು ಹಾರುದು ಗಲ್ಫ್ ಕಡೆ, ಎಲ್ಲ ಏರ್‌ಬಸ್ ಎ320, ಹಳತೂ ಉಂಟು, ಹೊಸ ಎಂಜಿನ್‌ನ ನಿಯೋನೂ ಉಂಟು. ದಿನಾ ಬೆಳಿಗ್ಗೆ ಚಾ ಕುಡಿಯುವ ಮೊದಲು ಇದನ್ನು ಓಪನ್ ಮಾಡುವವ ನಾನು, ಹಾಗಾಗಿ ಇದು ಡೆಮೋ ನೋಡಿ ಬರೆದದ್ದಲ್ಲ.

ಒಂದೊಂದು ವಿಮಾನ ಎಷ್ಟು ಸವೆದಿದೆ ಅಂತ ಟೈಲ್ ನಂಬರ್ (ಆ ವಿಮಾನದ ರಿಜಿಸ್ಟ್ರೇಶನ್ ನಂಬರ್) ಸಮೇತ ಹೇಳುದ್ರಲ್ಲಿ ಭಾರೀ ಒಳ್ಳೇದುಂಟು. ಕ್ರೂಸ್‌ನಲ್ಲಿ, ಅಂದ್ರೆ ಮೇಲೆ ಹೋಗಿ ಸಮ ಹಾರುವಾಗ, ಸ್ಪೀಡು, ಎತ್ತರ, ಟೆಂಪರೇಚರ್ ಎಲ್ಲ ಅಲ್ಲಾಡದೆ ಇರುವ ಹೊತ್ತಿನ ಡೇಟಾ ಹೆಕ್ಕಿ, ಹೊಸ ವಿಮಾನ ಎಷ್ಟು ಕುಡೀಬೇಕಿತ್ತೋ ಆ ಲೆಕ್ಕದ ಪಕ್ಕದಲ್ಲಿ ಇಟ್ಟು ತೋರಿಸ್ತದೆ. ಬಂದರಿನ ಬೋಟಿನವರಿಗೆ ಇದು ಕೂಡ್ಲೇ ಅರ್ಥ ಆಗ್ತದೆ, ಬೋಟಿನ ತಳಕ್ಕೆ ಚಿಪ್ಪು ಹಿಡಿದ್ರೆ ಡೀಸೆಲ್ ಜಾಸ್ತಿ ಅಂತ ಅವ್ರು ಮಳೆಗಾಲದ ರಜೆಯಲ್ಲಿ ಮೇಲೆ ಎಳೆದು ಕೆರೀತಾರಲ್ಲ, ಆದ್ರೆ ವಿಮಾನದ ಚಿಪ್ಪು ಕಣ್ಣಿಗೆ ಕಾಣುದಿಲ್ಲ ಮಾರಾಯ್ರೆ.

ತಪ್ಪು ಎಂಜಿನ್‌ದೋ ಮೈಯದ್ದೋ ಅಂತ ಬೇರೆ ಮಾಡಿ ಹೇಳ್ತದೆ, ನಂಗೆ ಇಷ್ಟ ಆದದ್ದು ಅದೇ. ಅದೇ ಸ್ಪೀಡಿಗೆ ಎನ್-ಒನ್, ಅಂದ್ರೆ ಎಂಜಿನ್‌ನ ಮುಂದಿನ ಫ್ಯಾನ್ ತಿರುಗುವ ವೇಗ ಜಾಸ್ತಿ ಬೇಕಾದ್ರೆ ಮೈಯಲ್ಲಿ ಎಲ್ಲೋ ಗಾಳಿ ಹಿಡೀತಾ ಉಂಟು. ಎನ್-ಒನ್ ಸರಿ ಇದ್ದು ಫ್ಯೂಯಲ್ ಮಾತ್ರ ಜಾಸ್ತಿ ಹೋದ್ರೆ ಎಂಜಿನ್. ಕಳೆದ ವರ್ಷ ಒಂದು ವಿಮಾನದ ಫ್ಯೂಯಲ್ 1 ಪರ್ಸೆಂಟ್ ಹತ್ರ ಮೇಲೆ ಹೋಗಿ ಅಲ್ಲೇ ಕೂತಿತು, ಎಲ್ರೂ ಎಂಜಿನ್ ವಾಶ್ ಮಾಡಿಸಿ ಅಂದ್ರು, ಮಾಡಿಸಿದ್ರು, ಗ್ರಾಫ್ ಅಲ್ಲಾಡ್ಲೇ ಇಲ್ಲ. ಎನ್-ಒನ್ ಗೆರೆ ಮೊದಲಿಂದ್ಲೇ ಮೇಲಿತ್ತು, ನೋಡುವವರು ಯಾರು? ಕಡೆಗೆ ಹ್ಯಾಂಗರಲ್ಲಿ ನೋಡಿದ್ರೆ ರೆಕ್ಕೆಯ ಒಂದು ಸ್ಪಾಯ್ಲರ್ (ರೆಕ್ಕೆಯ ಮೇಲೆ ಏಳುವ ಹಲಗೆ) ಕಿರುಬೆರಳು ತೂರುವಷ್ಟು ಎದ್ದಿತ್ತು, ಜೊತೆಗೆ ಒಂದು ಬಾಗಿಲಿನ ಸೀಲ್ ಹರಿದಿತ್ತು. 1 ಪರ್ಸೆಂಟ್ ಎಂತ ಮಹಾ ಅಂತ ಕೇಳ್ಬೇಡಿ, ಗಂಟೆಗೆ 2,400 ಕೆಜಿ ಕುಡಿಯುವ ವಿಮಾನ ದಿನಕ್ಕೆ 10 ಗಂಟೆ ಹಾರಿದ್ರೆ ವರ್ಷಕ್ಕೆ 87 ಟನ್ ಮೇಲೆ ಪೊಕ್ಕಡೆ ಹೋಯ್ತು, ಅದೂ ಒಂದೇ ವಿಮಾನದ್ದು. ಕೆಜಿಗೆ 3.16 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇರೆ.

ಮಂಡೆಬಿಸಿ ಎಂತ ಅಂದ್ರೆ ತೂಕ. ಸೀಟು ಬದಲಿಸಿದ ಒಂದು ವಿಮಾನ 300 ಕೆಜಿ ಭಾರ ಆಗಿತ್ತು, ಹಾರುವ ಮೊದಲು ತೂಕ ಬರೆಯುವ ಲೋಡ್‌ಶೀಟಲ್ಲಿ ಹೊಸ ತೂಕ ಬಂತು, ಈ ಸಾಫ್ಟ್‌ವೇರ್‌ನವರ ಟೇಬಲ್‌ನಲ್ಲಿ ಹಳೇದೇ ಉಳೀತು. ಕಾಲು ಪರ್ಸೆಂಟ್ ಹತ್ರ ಇಲ್ಲದ ರೋಗ ತೋರಿಸ್ತಾ ಇತ್ತು, ಸಪೋರ್ಟ್‌ಗೆ ಟಿಕೆಟ್ ಹಾಕಿ ಸರಿ ಆಗ್ಲಿಕ್ಕೆ ಆರು ವಾರ.

ಇನ್ನು ಪೈಲಟ್‌ಗಳಿಗೆ ರ್‍ಯಾಂಕ್ ಕೊಡುವ ಆ "ಉಳಿತಾಯ" ಡ್ಯಾಶ್‌ಬೋರ್ಡ್. ಅದು ಬರೀ ಬಂಡಲ್. ನೆಲದ ಮೇಲೆ ಓಡುವಾಗ (ಟ್ಯಾಕ್ಸಿ) ಒಂದು ಎಂಜಿನ್ ಆಫ್ ಮಾಡ್ಲಿಲ್ಲ ಅಂತ ಪೈಲಟ್‌ಗೆ ಕೆಂಪು ಗುರುತು, ಆದ್ರೆ ಇಳಿದ ಮೇಲೆ ಆಫ್ ಮಾಡುವ ಮೊದಲು ಎಂಜಿನ್ ತಣಿಯಲಿಕ್ಕೇ ಮೂರು ನಿಮಿಷ ಬೇಕು, ನಾಲ್ಕು ನಿಮಿಷದ ಟ್ಯಾಕ್ಸಿಯಲ್ಲಿ ಉಳಿಯುದು ಎಂತ? ಎಪಿಯು, ಅಂದ್ರೆ ನಿಂತಾಗ ಕರೆಂಟು, ಏಸಿ ಕೊಡುವ ಬಾಲದ ಸಣ್ಣ ಎಂಜಿನ್, ಗಂಟೆಗೆ 100 ಕೆಜಿ ಮೇಲೆ ಕುಡೀತದೆ ಅಂಬುದು ಸತ್ಯ, ಆದ್ರೆ ನಿಂತಲ್ಲಿಗೆ ಹೊರಗಿಂದ ಕರೆಂಟೂ ತಣ್ಣನೆ ಗಾಳಿಯೂ ಬರದಿದ್ರೆ 42 ಡಿಗ್ರಿ ಸೆಖೆಯಲ್ಲಿ ಕ್ಯಾಪ್ಟನ್ ಜನರನ್ನು ಬೇಯಿಸ್ಬೇಕಾ?

ನಂಗೆ ನಿಜವಾಗಿ ಸಿಟ್ಟು ಬಂದದ್ದು ನಮ್ಮ ಬಜ್ಪೆ (ಮಂಗಳೂರು ಏರ್‌ಪೋರ್ಟ್) ವಿಷಯದಲ್ಲಿ. ಇಳಿದಾಗ ರಿವರ್ಸ್ (ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ಬ್ರೇಕ್ ಹಾಕುದು) ಐಡಲ್‌ನಲ್ಲಿ, ಅಂದ್ರೆ ಕಡಿಮೆ ಪವರ್‌ನಲ್ಲಿ, ಇಡದೆ ಪೂರ್ತಿ ಹಾಕಿದ್ರೆ ಈ ಡ್ಯಾಶ್‌ಬೋರ್ಡಲ್ಲಿ "ವೇಸ್ಟ್" ಅಂತ ಲೆಕ್ಕ. ಗುಡ್ಡದ ತಲೆ ಮೇಲೆ 2,450 ಮೀಟರ್ ರನ್‌ವೇ, ಜುಲೈ ಮಳೆ, ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದ 2010ರ ಮೇ 22 ಮರೆಯದ ಊರು ಇದು, ಇಲ್ಲಿ ಒದ್ದೆ ರನ್‌ವೇಲಿ ಹತ್ತಿಪ್ಪತ್ತು ಕೆಜಿ ಫ್ಯೂಯಲ್ ಲೆಕ್ಕ ಹಾಕ್ಲಿಕ್ಕೆ ಹೇಳಿದವರು ಯಾರು? ಇಂಥ ಏರ್‌ಪೋರ್ಟನ್ನು ಬಿಟ್ಟು ಲೆಕ್ಕ ಹಾಕುವ ಫಿಲ್ಟರ್ ಕೇಳಿದೆ, "ರೋಡ್‌ಮ್ಯಾಪ್‌ನಲ್ಲಿ ಉಂಟು" ಅಂದ್ರು, ಎರಡು ವರ್ಷ ಆಯ್ತು. ಈಗ ನಾನೇ ಪ್ರತಿ ತಿಂಗಳು ಎಕ್ಸೆಲ್‌ಗೆ ಇಳಿಸಿ ಬಜ್ಪೆಯ ಸಾಲುಗಳನ್ನು ಕೈಯಲ್ಲಿ ತೆಗೀತೇನೆ.

ಮಾರ್ಚ್‌ನಲ್ಲಿ ರಿನೀವಲ್ ಉಂಟು. ಪರ್ಫಾರ್ಮೆನ್ಸ್ ಭಾಗ ಮಾತ್ರ ಇಟ್ಟು ಪೈಲಟ್ ರ್‍ಯಾಂಕಿಂಗ್ ಬಿಡಿ ಅಂತ ಮೇಲಿನವರಿಗೆ ಮೇಲ್ ಹಾಕಿದ್ದೇನೆ, ಎರಡನ್ನೂ ಸೇರಿಸಿಯೇ ಮಾರುದು ಅಂತ ಸೇಲ್ಸ್‌ನವರು ಹೇಳ್ತಾ ಇದ್ದಾರೆ. ಐದಕ್ಕೆ ಮೂರೂವರೆ ಕೊಡ್ತೇನೆ, ಆ ಮೂರೂವರೆಯೂ ಎನ್-ಒನ್ ಗ್ರಾಫಿಗೆ.