ಹಳೇ ಬಿ450 ಬೋರ್ಡಿಗೆ ರೈಜನ್ 7 5700ಎಕ್ಸ್: ಕುಮಟೆಯಿಂದ ದೀರ್ಘ ಬಳಕೆಯ ವಿಮರ್ಶೆ

ನನ್ನ ಹಳೇ ಬಿ450 ಮದರ್‌ಬೋರ್ಡಿಗೆ ಹಾಕಿಸಿದ ಎಎಂಡಿಯ ಈ ಪ್ರೊಸೆಸರ್ ಚೆನ್ನಾಗಿದೆ. ಮಳೆಗಾಲ, ಮೇ ತಿಂಗಳ ಸೆಕೆ, ಎರಡರಲ್ಲೂ ದಿನವಿಡೀ ದುಡಿದಿದೆ. ಆದರೆ ಹಾಕಿಸಿದ ಹೊಸತರಲ್ಲಿ ನನ್ನ ಕಂಪ್ಯೂಟರ್ ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ನೀಲಿ ಪರದೆ, ಇನ್ನೊಮ್ಮೆ ತಾನಾಗಿ ರೀಸ್ಟಾರ್ಟ್. ನೋಡಿದವರೆಲ್ಲ ಹೊಸ ಪ್ರೊಸೆಸರನ್ನೇ ದೂರಿದರು. ತೊಂದರೆ ಅದರದ್ದಾಗಿರಲಿಲ್ಲ. ಎಷ್ಟು ವೇಗ, ಎಷ್ಟು ಅಂಕ ಎಂಬುದು ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಇಲ್ಲಿ ನಾನು ಹೆಚ್ಚಾಗಿ ಈ ತೊಂದರೆಯ ಬಗ್ಗೆಯೇ ಬರೆಯುತ್ತೇನೆ. ಒಳ್ಳೆಯ ಪ್ರೊಸೆಸರನ್ನು ಸುಮ್ನೆ ವಾಪಸ್ ಕಳಿಸುವವರು ನಮ್ಮ ಕಡೆ ಜಾಸ್ತಿ ಇದ್ದಾರೆ.

ನನ್ನದು ವಿಡಿಯೋ ಕೆಲಸ. ಕುಮಟೆ, ಹೊನ್ನಾವರ, ಅಂಕೋಲಾ ಸುತ್ತಮುತ್ತ ಮಳೆ ಹಿಡಿಯುವ ತನಕ ಯಕ್ಷಗಾನದ ಆಟಗಳಿರುತ್ತವೆ. ರಾತ್ರಿಯಿಡೀ ನಡೆದ ಆಟವನ್ನು ಒಂದಕ್ಕಿಂತ ಹೆಚ್ಚು ಕ್ಯಾಮೆರಾದಲ್ಲಿ ಹಿಡಿದು, ಭಾಗವತರ ಧ್ವನಿಯನ್ನೂ ಚೆಂಡೆ ಮದ್ದಳೆಯನ್ನೂ ಬೇರೆ ಬೇರೆಯಾಗಿ ಹೊಂದಿಸಿ ಕೊಡಬೇಕು. ಮೊದಲು ಇದ್ದದ್ದು ರೈಜನ್ 5 2600. 2018ರದ್ದು, ಆರು ಕೋರ್. ಎಡಿಟಿಂಗ್ ಹೇಗೋ ನಡೆಯುತ್ತಿತ್ತು. ಎಕ್ಸ್‌ಪೋರ್ಟ್‌ಗೆ ಹಚ್ಚಿದರೆ ಮಾತ್ರ ಮೆಷಿನ್ ಬೇರೆ ಕೆಲಸಕ್ಕೆ ಸಿಗುತ್ತಿರಲಿಲ್ಲ.

ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಮುಂದಿನ ಬಗೆಯಾದ ಎಎಂ5ಗೆ ಹೋಗುವುದಾದರೆ ಬೋರ್ಡ್ ಹೊಸದು, ಡಿಡಿಆರ್5 ರ‍್ಯಾಮ್ ಹೊಸದು. ನನ್ನ ಬೋರ್ಡಿನ ಎಎಂ4ನಲ್ಲೇ ಉಳಿದರೆ ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಕು. 5700ಎಕ್ಸ್ ಬಂದದ್ದು 2022ರ ಏಪ್ರಿಲ್‌ನಲ್ಲಿ. ಎಂಟು ಕೋರ್, ಹದಿನಾರು ಥ್ರೆಡ್, 65 ವ್ಯಾಟ್. 2600 ಕೂಡ 65 ವ್ಯಾಟಿನದ್ದೇ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಯಾಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಮಾಡಬೇಕು. ಬಯಾಸ್ ಎಂದರೆ ಮೆಷಿನ್ ಆನ್ ಆದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಹೊಸದನ್ನು ಕೂರಿಸಿದ ಮೇಲೆ ಹಳೇ ಬಯಾಸ್ ಅದನ್ನು ಗುರುತಿಸುವುದಿಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಹಾಕಿಯೇ ಕೊನೆಯದಕ್ಕೆ ಹೋಗಬೇಕು. ಬಯಾಸ್‌ನೊಳಗೆ ಎಎಂಡಿ ಕೊಡುವ ಭಾಗಕ್ಕೆ ಅಜೆಸಾ (AGESA) ಎನ್ನುತ್ತಾರೆ, ಅದು 1.2.0.7 ಅಥವಾ ಅದರ ನಂತರದ್ದು ಇರಲಿ. ವಿಂಡೋಸ್ 11ಕ್ಕಾಗಿ ಪ್ರೊಸೆಸರಿನೊಳಗಿನ ಭದ್ರತಾ ವ್ಯವಸ್ಥೆ ಎಫ್‌ಟಿಪಿಎಂ ಆನ್ ಮಾಡಿದವರಿಗೆ ಆಗಾಗ ಮೌಸ್, ಧ್ವನಿ ಎಲ್ಲ ತಡವರಿಸುತ್ತಿದ್ದ ತೊಂದರೆಗೆ ಎಎಂಡಿ ಪರಿಹಾರ ಕೊಟ್ಟದ್ದು ಆ ಆವೃತ್ತಿಯಲ್ಲಿ. ನಮ್ಮ ಕಡೆ ಜೂನ್, ಜುಲೈನಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಯುಪಿಎಸ್ ಇಲ್ಲದೆ ಬಯಾಸ್ ಮುಟ್ಟಬೇಡಿ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಹೋದೀತು.

ಹಳೇ ಪ್ರೊಸೆಸರ್ ತೆಗೆಯುವಾಗಲೂ ಜಾಗ್ರತೆ ಬೇಕು. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಥರ್ಮಲ್ ಪೇಸ್ಟ್ ಒಣಗಿದ್ದರೆ ಕೂಲರ್ ಎಳೆದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನು ಬಗ್ಗುತ್ತವೆ. ಸ್ವಲ್ಪ ಹೊತ್ತು ಮೆಷಿನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ನಿಧಾನಕ್ಕೆ ತಿರುಗಿಸಿ ಬಿಡಿಸಿಕೊಳ್ಳಬೇಕು. 5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ನಾನು ಹುಬ್ಬಳ್ಳಿಯಿಂದ ಒಂದು ಟವರ್ ಕೂಲರ್ ತರಿಸಿಕೊಂಡೆ.

ಮೊದಲ ಸಲ ಆನ್ ಮಾಡಿದಾಗ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲೋ ಬೇಡವೋ, ವೈ ಅಥವಾ ಎನ್ ಒತ್ತಿ ಎಂದು ಬೋರ್ಡ್ ಕೇಳುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಕೈಯಲ್ಲಿ ಇಲ್ಲದೆ ವೈ ಒತ್ತಬಾರದು. ಆ ಕೀಯನ್ನು ಪ್ರೊಸೆಸರ್ ಬದಲಿಸುವ ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಸರಿಯಾಗಿಯೇ ಆಯಿತು. ತೊಂದರೆ ಶುರುವಾದದ್ದು ಆಮೇಲೆ.

ಟೈಮ್‌ಲೈನ್ ಮೇಲೆ ಕೆಲಸ ಮಾಡುತ್ತಿರುವಾಗ ಸಾಫ್ಟ್‌ವೇರ್ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಕೆಲವೊಮ್ಮೆ ನೀಲಿ ಪರದೆ, ಅದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ಸಾಲು. ಇನ್ನು ಕೆಲವೊಮ್ಮೆ ಏನೂ ಮಾಡದೆ ಬಿಟ್ಟಾಗ, ಚಾ ಕುಡಿದು ಬರುವಷ್ಟರಲ್ಲಿ, ಮೆಷಿನ್ ಹೊಸದಾಗಿ ಬೂಟ್ ಆಗಿ ಕೂತಿರುತ್ತಿತ್ತು. ಅದೇ ಮೆಷಿನ್ ರಾತ್ರಿಯಿಡೀ ಎಂಟೂ ಕೋರ್ ಬಿಸಿ ಮಾಡಿಕೊಂಡು ಎಕ್ಸ್‌ಪೋರ್ಟ್ ಮಾಡಿದರೂ ಬೀಳುತ್ತಿರಲಿಲ್ಲ! ಕಷ್ಟದ ಕೆಲಸದಲ್ಲಿ ಗಟ್ಟಿ, ಸುಮ್ಮನೆ ಕೂತಾಗ ಬೀಳುತ್ತದೆ. ಇದು ತುಂಬಾ ಮುಖ್ಯವಾದ ಸುಳಿವು. ಬಿಸಿಯಿಂದ ಆಗುವ ತೊಂದರೆ ಹೀಗಿರುವುದಿಲ್ಲ.

ರಿಪೇರಿ ಮಾಡುವ ಹುಡುಗ ಬಂದು ನೋಡಿದ. ಒಳ್ಳೆಯ ಹುಡುಗ, ಕೆಲಸ ಗೊತ್ತಿದ್ದವನು. ಹಳೇ 2600 ತಿರುಗಿ ಹಾಕಿದ. ಮೆಷಿನ್ ಗಟ್ಟಿಯಾಗಿ ನಿಂತಿತು. "ನೋಡಿ ಅಣ್ಣ, ಪ್ರೊಸೆಸರ್ರೇ ಡಿಫೆಕ್ಟು. ಬದಲಿಸಿದ ಕೂಡಲೇ ಸರಿಯಾಯ್ತಲ್ಲ" ಎಂದ. ಯಾರು ಕೇಳಿದರೂ ಒಪ್ಪುವ ಮಾತೇ, ಅಲ್ವಾ?

ನನಗೆ ಮನಸ್ಸು ಒಪ್ಪಲಿಲ್ಲ. ಪ್ರೊಸೆಸರ್ ಬದಲಿಸಿದಾಗ ಪ್ರೊಸೆಸರ್ ಒಂದೇ ಬದಲಾಗುವುದಿಲ್ಲ. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೆ, ಅದೂ ಬದಲಾಗುತ್ತದೆ. ರ‍್ಯಾಮ್ ಓಡುವ ವೇಗ ಬದಲಾಗುತ್ತದೆ. ಕೆಲಸವಿಲ್ಲದಾಗ ಕೋರ್‌ಗಳು ಮಲಗುವ ರೀತಿ, ಏಳುವ ರೀತಿ ಬದಲಾಗುತ್ತದೆ. 2600 ಹೆಚ್ಚೆಂದರೆ 3.9 ಗಿಗಾಹರ್ಟ್ಸ್‌ಗೆ ಏರುತ್ತದೆ, 5700ಎಕ್ಸ್ 4.6ಕ್ಕೆ. ಹಳೆಯದನ್ನು ತಿರುಗಿ ಹಾಕಿದಾಗ ಇವೆಲ್ಲ ಒಟ್ಟಿಗೇ ಹಳೇ ಸ್ಥಿತಿಗೆ ಹೋದವು. ಅಷ್ಟರಿಂದ ಹೊಸದು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ. ಹೊಸ ಪ್ರೊಸೆಸರನ್ನು ಬೇರೆ ಮೆಷಿನ್ನಿನಲ್ಲಿ ಹಾಕಿ ನೋಡಿದರೆ ಮಾತ್ರ ಹೇಳಬಹುದು.

ಹೊನ್ನಾವರದಲ್ಲಿ ನನ್ನ ಭಾವನ ಹತ್ತಿರ ಇದೇ ಸಾಕೆಟ್ಟಿನ ಮೆಷಿನ್ ಇದೆ. ಬಯಾಸ್ ಅಪ್‌ಡೇಟ್ ಮಾಡಿ ಅದರಲ್ಲಿ ನನ್ನ 5700ಎಕ್ಸ್ ಕೂರಿಸಿದೆವು. "ಇರ್ಲಿ ಬಿಡು ಭಾವ, ಒಂದು ವಾರ ಇಲ್ಲೇ ಓಡ್ಲಿ" ಎಂದ. ಒಂದು ಸಲವೂ ಬೀಳಲಿಲ್ಲ. ಅಲ್ಲಿಗೆ ಪ್ರೊಸೆಸರಿನ ಮೇಲಿನ ಸಂಶಯ ಹೋಯಿತು. ಇಂಥ ಇನ್ನೊಂದು ಮೆಷಿನ್ ಸಿಗುವುದು ಕಷ್ಟ, ಗೊತ್ತು. ಆದರೂ ಹುಡುಕಿ. ಎಷ್ಟೋ ದಿನದ ಊಹೆ ಒಂದೇ ಸಲಕ್ಕೆ ಮುಗಿಯುತ್ತದೆ.

ತಿರುಗಿ ನನ್ನ ಮೆಷಿನ್ನಿಗೆ ತಂದು ಹಾಕಿ ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದೆ. ಅಲ್ಲಿ ಕರ್ನಲ್-ಪವರ್ 41 ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಅದು ಹೇಳುವುದು ಇಷ್ಟೇ: ಮೆಷಿನ್ ಸರಿಯಾಗಿ ಶಟ್‌ಡೌನ್ ಆಗದೆ ಆರಿದೆ. ಯಾಕೆ ಎಂದು ಅದು ಹೇಳುವುದಿಲ್ಲ. ಅದರ ಆಸುಪಾಸಿನಲ್ಲಿ ವ್ಹಿಯಾ-ಲಾಗರ್ (WHEA-Logger) 18 ಇದೆಯೇ ನೋಡಬೇಕು. ಅದು ಹಾರ್ಡ್‌ವೇರ್ ಮಟ್ಟದ ದೊಡ್ಡ ದೋಷ, ಡ್ರೈವರ್ ಅಥವಾ ಸಾಫ್ಟ್‌ವೇರಿನದ್ದಲ್ಲ. ನನ್ನಲ್ಲಿ ಸುಮ್ಮನೆ ಕೂತಾಗ ಆದ ರೀಸ್ಟಾರ್ಟ್‌ಗಳ ಜೊತೆ ಅದು ಇತ್ತು. ನೀಲಿ ಪರದೆಗಳ ಜೊತೆ ಇರಲಿಲ್ಲ. ಆಗ ಹೊಳೆದದ್ದು, ಇಲ್ಲಿರುವುದು ಒಂದು ತೊಂದರೆ ಅಲ್ಲ, ಎರಡು.

ಮೊದಲು ರ‍್ಯಾಮ್ ಹಿಡಿದುಕೊಂಡೆ. ನನ್ನಲ್ಲಿ ಎಂಟೆಂಟು ಜಿಬಿಯ ನಾಲ್ಕು ಸ್ಟಿಕ್ ಇದ್ದವು. ಎರಡು ಮೊದಲಿನಿಂದ ಇದ್ದವು, ಎರಡು ಆಮೇಲೆ ಬಂದವು, ಬೇರೆ ಕಂಪನಿಯವು. ಹಳೇ ಪ್ರೊಸೆಸರಿನ ಜೊತೆ ನಾಲ್ಕೂ 2666ರ ವೇಗದಲ್ಲಿ ಓಡುತ್ತಿದ್ದವು. ಹೊಸದರ ಜೊತೆ, ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಆದಾಗ ಬೋರ್ಡ್ ನಾಲ್ಕನ್ನೂ 3200ರಲ್ಲಿ ಓಡಿಸಿತು. ಪ್ರೊಸೆಸರಿನ ವಿವರದಲ್ಲಿ 3200 ಎಂದೇ ಬರೆದಿದೆ, ನಿಜ. ಆದರೆ ಆ ಅಂಕಿ ಎರಡು ಸ್ಟಿಕ್ಕಿಗೆ. ನಾಲ್ಕು ತುಂಬಿದರೆ ಕಂಟ್ರೋಲರಿನ ಮೇಲೆ ಹೊರೆ ಜಾಸ್ತಿ, ಭರವಸೆಯ ವೇಗ ಅದಕ್ಕಿಂತ ಕಡಿಮೆ. ಸ್ಟಿಕ್ ಬೇರೆ ಬೇರೆ ಕಂಪನಿಯದಾದರೆ ಇನ್ನೂ ಕಷ್ಟ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಬೂಟ್ ಮಾಡಿದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷಿಸುತ್ತದೆ, ಅಷ್ಟು ಸಾಕು. ಮಲಗುವ ಮೊದಲು ಹಚ್ಚಿಟ್ಟರೆ ಬೆಳಿಗ್ಗೆ ಫಲಿತಾಂಶ ಸಿಗುತ್ತದೆ. ಮೊದಲ ಜೋಡಿ ಒಂದೇ ಇದ್ದಾಗ 3200ರಲ್ಲಿ ಪಾಸ್. ಎರಡನೇ ಜೋಡಿಯೂ 3200ರಲ್ಲಿ ಪಾಸ್. ನಾಲ್ಕೂ ಸೇರಿ 3200ರಲ್ಲಿ ಕೆಂಪು ಸಾಲುಗಳು. ನಾಲ್ಕೂ ಸೇರಿ 2666ರಲ್ಲಿ ಮತ್ತೆ ಪಾಸ್. ಅಂದರೆ ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ, ಪ್ರೊಸೆಸರೂ ಕೆಟ್ಟಿರಲಿಲ್ಲ, ಆ ಜೋಡಣೆ ಆ ವೇಗಕ್ಕೆ ಒಗ್ಗುತ್ತಿರಲಿಲ್ಲ. ಒಂದೇ ಡಬ್ಬಿಯಲ್ಲಿ ಬರುವ 16 ಜಿಬಿಯ ಎರಡು ಸ್ಟಿಕ್ ತಂದೆ. ಅವು 3200ರಲ್ಲಿ, 1.35 ವೋಲ್ಟ್‌ನಲ್ಲಿ ಆರಾಮಾಗಿ ಓಡುತ್ತಿವೆ. ನೀಲಿ ಪರದೆ ಮತ್ತೆ ಕಂಡಿಲ್ಲ. ದುಡ್ಡು ಖರ್ಚು ಮಾಡಲು ಇಷ್ಟವಿಲ್ಲದವರು ನಾಲ್ಕನ್ನೂ 2666ಕ್ಕೆ ಇಳಿಸಿಕೊಂಡರೂ ನಡೆಯುತ್ತದೆ. ಎಡಿಟಿಂಗ್‌ನಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಸುಮ್ಮನೆ ಕೂತಾಗಿನ ರೀಸ್ಟಾರ್ಟ್ ಮಾತ್ರ ಹಾಗೇ ಉಳಿಯಿತು. ಎಸ್‌ಎಂಪಿಎಸ್ (ಮೆಷಿನ್ನಿಗೆ ಕರೆಂಟು ಕೊಡುವ ಡಬ್ಬಿ) ಸಾಲುತ್ತಿಲ್ಲ, ದೊಡ್ಡ ವ್ಯಾಟಿನದ್ದು ಹಾಕಿ ಎಂದು ಹಲವರು ಹೇಳಿದರು. ಆಗ ನೆನಪಿಗೆ ಬಂದದ್ದು ಆ 65 ವ್ಯಾಟ್. ಹಳೆಯದಕ್ಕೂ ಹೊಸದಕ್ಕೂ ಅದೇ ಲೆಕ್ಕ. ಮತ್ತೆ, ಪೂರ್ತಿ ಹೊರೆಯಲ್ಲಿ ಮೆಷಿನ್ ಬೀಳುತ್ತಲೇ ಇಲ್ಲವಲ್ಲ. ವ್ಯಾಟ್ ಕಡಿಮೆಯಾದದ್ದು ಕಾರಣವಾಗಿದ್ದರೆ ಎಕ್ಸ್‌ಪೋರ್ಟ್ ನಡುವೆ ಬೀಳಬೇಕಿತ್ತು.

ಬಯಾಸ್‌ನಲ್ಲಿ ಎಎಂಡಿ ಸಿಬಿಎಸ್ ಎಂಬ ವಿಭಾಗದಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬ ಆಯ್ಕೆ ಇರುತ್ತದೆ. ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಕೆಲಸವಿಲ್ಲದಾಗ ಕೋರ್‌ಗಳು ಗಾಢವಾಗಿ ಮಲಗುತ್ತವೆ, ಆಗ ಪ್ರೊಸೆಸರ್ ಎಳೆಯುವ ಕರೆಂಟು ತೀರಾ ಕಡಿಮೆಯಾಗುತ್ತದೆ. ಅಷ್ಟು ಕಡಿಮೆ ಹೊರೆಯಲ್ಲಿ ಕೆಲವು ಹಳೇ ಎಸ್‌ಎಂಪಿಎಸ್‌ಗಳಿಗೆ ವೋಲ್ಟೇಜ್ ಹಿಡಿದಿಡಲು ಬರುವುದಿಲ್ಲ. ಆ ಆಯ್ಕೆಯನ್ನು ಆಟೋದಿಂದ ಟಿಪಿಕಲ್ ಕರೆಂಟ್ ಐಡಲ್‌ಗೆ ಬದಲಿಸಿದೆ. ರೀಸ್ಟಾರ್ಟ್ ನಿಂತಿತು. ಸುಮ್ಮನೆ ಕೂತಾಗ ಕರೆಂಟು ಸ್ವಲ್ಪ ಹೆಚ್ಚು ಹೋಗುತ್ತದೆ, ಅಷ್ಟೇ.

ಅಲ್ಲಿಗೇ ಬಿಡಬಹುದಿತ್ತು. ಆದರೆ ಕಾರಣ ಖಾತ್ರಿಯಾಗಬೇಕಿತ್ತು. ಭಾವನ ಎಸ್‌ಎಂಪಿಎಸ್ ತಂದು ಜೋಡಿಸಿ ಆಯ್ಕೆಯನ್ನು ತಿರುಗಿ ಆಟೋಗೆ ಇಟ್ಟೆ. ಬೀಳಲಿಲ್ಲ. ನನ್ನ ಹಳೇ ಎಸ್‌ಎಂಪಿಎಸ್ ಹಾಕಿ ಆಟೋದಲ್ಲೇ ಬಿಟ್ಟೆ. ಅದೇ ದಿನ ಬಿತ್ತು. ಹೀಗೆ ತೊಂದರೆಯನ್ನು ಬೇಕೆಂದಾಗ ಬರಿಸಿ, ಬೇಕೆಂದಾಗ ನಿಲ್ಲಿಸಲು ಆದಾಗಲೇ ಕಾರಣ ಸಿಕ್ಕಿತು ಎನ್ನಬೇಕು. ಹೊಸ 550 ವ್ಯಾಟಿನ ಎಸ್‌ಎಂಪಿಎಸ್ ಹಾಕಿಸಿದೆ. ಈಗ ಎಲ್ಲ ಆಟೋದಲ್ಲೇ ಇದೆ.

ಒಂದು ಮಾತು ಇಲ್ಲೇ ಹೇಳಬೇಕು. ಹೊಸ ರೈಜನ್ ಹಾಕಿದ ಕೂಡಲೇ ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 30 ಕೊಡಿ, ತಂಪಾಗಿರುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಮೆಷಿನ್ ಗಟ್ಟಿಯಾಗಿ ನಿಲ್ಲುವ ತನಕ ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಎಲ್ಲ ಕೋರ್‌ಗೂ ಒಂದೇ ಅಂಕಿ ಒಗ್ಗುವುದಿಲ್ಲ. ಅದು ಒಗ್ಗದಿದ್ದರೆ ಕಾಣುವ ಲಕ್ಷಣವೂ ಇದೇ, ಹಗುರ ಕೆಲಸದಲ್ಲಿ ಪಟ್ಟನೆ ರೀಸ್ಟಾರ್ಟ್. ಎರಡೂ ಬೆರೆತರೆ ಬಿಡಿಸುವುದು ತುಂಬಾ ಕಷ್ಟ. ಕೊಡಲೇಬೇಕು ಎಂದಿದ್ದರೆ ಕೋರ್‌ಸೈಕ್ಲರ್ ಎಂಬ ಸಾಫ್ಟ್‌ವೇರಿನಲ್ಲಿ ಒಂದೊಂದೇ ಕೋರ್ ಪರೀಕ್ಷಿಸಿ.

ಕರಾವಳಿಯವರಿಗೆ ಇನ್ನೆರಡು ವಿಷಯ. ಇಲ್ಲಿನ ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದಲ್ಲಿ ತೇವ ಆರುವುದೇ ಇಲ್ಲ. ನನ್ನ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಮಂಕಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಯಾವುದೇ ಪರೀಕ್ಷೆಗೆ ಮೊದಲು ಇದನ್ನು ಮಾಡಿಕೊಳ್ಳಿ. ಬೋರ್ಡಿನ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ. ಅದು ಸೋತಿದ್ದರೆ ದೊಡ್ಡ ಕರೆಂಟು ಕಟ್ ಆದಾಗ ಬಯಾಸ್ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ.

ಇನ್ನೊಂದು ವಿಷಯ ಇನ್ವರ್ಟರಿನದ್ದು. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿ ಇಡಬೇಕು. ಕರೆಂಟು ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಚಾರ್ಜಿನಿಂದ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದರಿಂದಾದ ರೀಸ್ಟಾರ್ಟನ್ನು ಪ್ರೊಸೆಸರಿನ ಲೆಕ್ಕಕ್ಕೆ ಬರೆಯಬೇಡಿ.

ಎಲ್ಲ ಸರಿಯಾದ ಮೇಲೆ 5700ಎಕ್ಸ್ ಹೇಗಿದೆ? ನನಗೆ ತುಂಬಾ ಸಂತೋಷ ಕೊಟ್ಟಿದೆ. ಎಕ್ಸ್‌ಪೋರ್ಟ್ ಮೊದಲಿನ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಎಕ್ಸ್‌ಪೋರ್ಟ್ ನಡೆಯುತ್ತಿರುವಾಗಲೇ ಇನ್ನೊಂದು ಆಟದ ಧ್ವನಿ ಕೂಡಿಸಬಹುದು. ಈ ಪ್ರೊಸೆಸರಿನ ಬಿಸಿಯ ಮಿತಿ 90 ಡಿಗ್ರಿ. ಟವರ್ ಕೂಲರ್ ಇರುವುದರಿಂದ ಮೇ ತಿಂಗಳಲ್ಲೂ ನನ್ನದು ಅದರ ಹತ್ತಿರ ಹೋಗಿಲ್ಲ. ಕೊರತೆಗಳೂ ಇವೆ. ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಬಿ450ರಲ್ಲಿ ಪಿಸಿಐಇ (ಕಾರ್ಡು, ಎಸ್‌ಎಸ್‌ಡಿ ಜೋಡಿಸುವ ದಾರಿ) ಮೂರನೇ ತಲೆಮಾರಿನದ್ದು ಮಾತ್ರ, ಹಾಗಾಗಿ ನಾಲ್ಕನೇ ತಲೆಮಾರಿನ ಎಸ್‌ಎಸ್‌ಡಿಗೆ ಜಾಸ್ತಿ ದುಡ್ಡು ಕೊಡುವುದು ದಂಡ.

ಕೊಳ್ಳುವವರು ಪ್ರೊಸೆಸರಿನ ಬೆಲೆಯ ಜೊತೆ ಕೂಲರಿನ ಬೆಲೆ ಸೇರಿಸಿ. ಎಸ್‌ಎಂಪಿಎಸ್ ಹಳತಾಗಿದ್ದರೆ ಅದನ್ನೂ, ರ‍್ಯಾಮ್ ಬೇರೆ ಬೇರೆ ಬಗೆಯದಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಷ್ಟು ಸೇರಿದರೂ ಹೊಸ ಬೋರ್ಡ್, ಹೊಸ ಪ್ರೊಸೆಸರ್, ಡಿಡಿಆರ್5 ಮೂರನ್ನೂ ಕೊಳ್ಳುವುದಕ್ಕಿಂತ ನನಗೆ ಕಡಿಮೆಗೇ ಬಿತ್ತು. ಭಾವನೂ ಆಮೇಲೆ ಇದನ್ನೇ ತರಿಸಿದ. ಅವನದ್ದು ಒಂದೇ ಜೋಡಿಯ ಎರಡು ಸ್ಟಿಕ್, ಎಸ್‌ಎಂಪಿಎಸ್ ಹೊಸದು. ಅವನ ಮೆಷಿನ್ ಮೊದಲ ದಿನದಿಂದಲೂ ತಾನಾಗಿ ರೀಸ್ಟಾರ್ಟ್ ಆಗಿಲ್ಲ.